ಚಿತ್ರ ಮೂರು, ಭಾಗ ಬಿ

ಮಾನ್ಯ ಸಂಪಾದಕರೇ,
ಹಸ್ತಪ್ರತಿಯ ಸಂಖ್ಯೆ ಮೇಲಿದೆ.
ಹೆಸರಿಗಿಂತ ಅದರಿಂದಲೇ ನಿಮಗೆ ಬೇಗ ಗುರುತು ಹತ್ತೀತು.

ವಿರಾಜಪೇಟೆಯಿಂದ ಬರೆಯುತ್ತಿದ್ದೇನೆ.
ಪ್ರಯೋಗಾಲಯದ ಕಿಟಕಿಗೆ ಮಲೆತಿರಿಕೆ ಬೆಟ್ಟ.
ಆ ಬೆಟ್ಟದೆದುರು ಒಂದು ಒಳ್ಳೆಮೆಣಸಿನ ಕಾಳು ಎಷ್ಟೋ
ಕಾಳಿನೆದುರು ನನ್ನ ಬೆಳ್ಳಿಯ ಕಣ ಅಷ್ಟು,
ಹೀಗೆಂದೇ ಹೇಳಿಕೊಡುತ್ತೇನೆ ಮೊದಲ ವರ್ಷದವರಿಗೆ.
ಕೆಲವರು ಬೆಟ್ಟ ನೋಡುತ್ತಾರೆ.
ಕೆಲವರು ಗಡಿಯಾರ.

ಕಾಚಂಪುಳಿ ನಿಮಗೆ ಗೊತ್ತಿರಲಿಕ್ಕಿಲ್ಲ.
ಹಣ್ಣು ಕೊಳೆತು ತೊಟ್ಟಿಕ್ಕಿದ ರಸವನ್ನು
ಬತ್ತಿಸಿ ಬತ್ತಿಸಿ ಕೀಲೆಣ್ಣೆಯಷ್ಟು ಕಪ್ಪು ಮಾಡಿದ ಹುಳಿ.
ಪಂದಿಕರಿಗೆ ಕೊನೆಯಲ್ಲಿ ಒಂದು ಚಮಚ.
ಬೆಳ್ಳಿಯ ಲವಣಕ್ಕೆ ನಾಲ್ಕೇ ಹನಿ:
ನೀರಿನಂತಿದ್ದದ್ದು ಮೊದಲು ಜೇನು, ಆಮೇಲೆ ಕಡು ಚಹಾ.
ನಾನದಕ್ಕೆ ‘ಹಸಿರು ಸಂಶ್ಲೇಷಣೆ’ ಎಂದು ಬರೆದೆ.
ಪುಳಿ ತಂದುಕೊಟ್ಟ ಅಟೆಂಡರ್ ಪೂವಿ
ಸೀಸೆಯನ್ನು ಬೆಳಕಿಗೆ ಹಿಡಿದು
“ಇದರಲ್ಲಿ ಹಸಿರೆಲ್ಲಿದೆ?” ಎಂದಳು.

ನಿಮ್ಮ ಎರಡನೆಯ ಪರಿಶೀಲಕರು
ಇನ್ನೊಂದು ಚಿತ್ರ ಬೇಕು, ಹೊಸ ಮಾದರಿಯದು, ಹದಿನಾಲ್ಕು ದಿನ ಎಂದರು.
ಐದು ಲೇಖನ ಉಲ್ಲೇಖಿಸಿದರೆ ಒಳಿತೆಂದೂ ಸೂಚಿಸಿದರು.
ಐದರಲ್ಲೂ ಒಂದೇ ಹೆಸರಿತ್ತು.
ಉಲ್ಲೇಖಿಸಿದೆ.

ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ನಮ್ಮಲ್ಲಿಲ್ಲ.
ಮಾದರಿ ಮೈಸೂರಿಗೆ ಹೋಗಬೇಕು, ಆರೂಕಾಲರ ಬಸ್ಸಿನಲ್ಲಿ,
ಮೀನಂಗಡಿಯವರು ಕೊಟ್ಟ ಐಸ್ ಪೆಟ್ಟಿಗೆಯಲ್ಲಿ, ನನ್ನ ತೊಡೆಯ ಮೇಲೆ.
ತಿತಿಮತಿ ದಾಟಿದ ಮೇಲೆ ಒಂಟಿ ಸಲಗ
ರಸ್ತೆಗೆ ಅಡ್ಡ ನಿಂತು ಬಿದಿರು ಮೆಲ್ಲಿತು, ಎರಡು ಗಂಟೆ.
ಯಾರೂ ಹಾರ್ನ್ ಹೊಡೆಯಲಿಲ್ಲ.
ಐಸ್ ನೀರಾಯಿತು.
ಕಣಗಳು ಒಂದಕ್ಕೊಂದು ಅಂಟಿ ಬೂದಿಯಾಗಿ ತಳ ಸೇರಿದವು.
‘ವಿಧಾನ’ ಎಂಬ ಭಾಗದಲ್ಲಿ
ಆನೆಗೆ ಜಾಗವಿಲ್ಲ.

ಉಳಿದದ್ದು ಮೂರು ದಿನ.
ಹಳೆಯ ಚಿತ್ರವನ್ನೇ ತೆಗೆದೆ. ತೊಂಬತ್ತು ಡಿಗ್ರಿ ತಿರುಗಿಸಿದೆ.
ಅಂಚು ಕತ್ತರಿಸಿದೆ.
ಕೆಳಗೆ ಐವತ್ತು ನ್ಯಾನೊಮೀಟರಿನ ಬಿಳಿ ಗೆರೆ ಎಳೆದೆ.
ಚಿತ್ರದಲ್ಲಿ ಆ ಗೆರೆ ಮಾತ್ರ ಸರಿಯಾಗಿತ್ತು.

ನೀವು ಸ್ವೀಕರಿಸಿದಿರಿ.
ಪ್ರಕಟಣಾ ಶುಲ್ಕಕ್ಕೆ ಭವಿಷ್ಯನಿಧಿಯಿಂದ ಸಾಲ ತೆಗೆದೆ.
ಪ್ರಾಂಶುಪಾಲರು ಶಾಲು ಹೊದಿಸಿದರು, ಫೋಟೋ ತೆಗೆಸಿದರು.
ಒಂಬತ್ತು ಜನ ನನ್ನನ್ನು ಉಲ್ಲೇಖಿಸಿದರು;
ಒಬ್ಬರೂ ಒಂದು ಸೀಸೆ ಪುಳಿ ಕೇಳಿ ಬರೆಯಲಿಲ್ಲ.

ಹೋದ ಮಂಗಳವಾರ ಸಫೂರಾ,
ಕೊನೆಯ ವರ್ಷದವಳು, ಮುದ್ರಿತ ಪ್ರತಿ ಹಿಡಿದು ಬಂದಳು.
ಹಾಳೆಯನ್ನು ಮೇಜಿನ ಮೇಲಿಟ್ಟು ಮೆಲ್ಲಗೆ ಅಡ್ಡ ತಿರುಗಿಸಿದಳು.
“ಮೇಡಂ, ಒಲೆಗುಂಡಿನ ಹಾಗೆ ಮೂರು ಕಣ.
ಎ-ಯಲ್ಲೂ ಇವೆ. ಬಿ-ಯಲ್ಲೂ ಇವೆ.”
ಹಾಗೆ ನೋಡುವುದನ್ನು ಅವಳಿಗೆ ಕಲಿಸಿದವಳು ನಾನೇ.

ನಾನು ಬರೆದ ವಿಧಾನದಂತೆ ಏಳು ಸಲ ಮಾಡಿದ್ದಾಳಂತೆ,
ಏಳು ಸಲವೂ ಬೇರೆ ಬೇರೆ ಕಂದು.
ತನ್ನ ಕೈಯೇ ಸರಿಯಿಲ್ಲವೆಂದು
ಆರು ವಾರ ಯಾರಿಗೂ ಹೇಳಿರಲಿಲ್ಲ.
ಬಾಗಿಲಲ್ಲಿ ಬಕೆಟ್ ಹಿಡಿದು ನಿಂತಿದ್ದ ಪೂವಿ ಕೇಳಿದಳು:
“ಯಾವ ವರ್ಷದ ಪುಳಿ ಅಂತ ಬರೆದಿದ್ದಿರಾ?”
ಬರೆದಿರಲಿಲ್ಲ.
ಅವಳ ಹೆಸರನ್ನೂ.

ಆದ್ದರಿಂದ, ಸಂಪಾದಕರೇ, ಲೇಖನವನ್ನು ಹಿಂತೆಗೆದುಕೊಳ್ಳಿ.
ಪುಟಪುಟಕ್ಕೂ ಓರೆಯಾಗಿ ಕೆಂಪಕ್ಷರ ಬೀಳುತ್ತದಂತೆ.
ಬೀಳಲಿ.
ನಿಮ್ಮ ನಮೂನೆಯಲ್ಲಿ ಕಾರಣ ಮೊದಲೇ ಅಚ್ಚಾಗಿದೆ:
‘ಲೇಖಕರ ಗಮನಕ್ಕೆ ಬಾರದ ಲೋಪ.’
ಅದನ್ನು ಹೊಡೆದುಹಾಕಿದ್ದೇನೆ.
ಗಮನಕ್ಕೆ ಬಂದಿತ್ತು.
ಶುಲ್ಕ ಮರಳಿಸಲಾಗದೆಂಬ ನಿಯಮವನ್ನೂ ಓದಿದ್ದೇನೆ.

ಪಕ್ಕದ ಮೇಜಿನಲ್ಲಿ ಸಫೂರಾಳದು ಎಂಟನೆಯ ಸಲ.
ಸೀಸೆಯ ಚೀಟಿಯ ಮೇಲೆ ಬರೆಯುತ್ತಿದ್ದಾಳೆ:
ಮರ, ವರ್ಷ, ಬತ್ತಿಸಿದ ಗಂಟೆ, ಬತ್ತಿಸಿದವರು.
ಅವಳ ಅಕ್ಷರ ದಪ್ಪ.
ಚೀಟಿ ಸಾಲದೆ
ಗಾಜಿನ ಮೇಲೂ ಬರೆಯುತ್ತಿದ್ದಾಳೆ.

ಇಂತಿ,
ಪಿ. ಎಂ. ಚೋಂದಮ್ಮ
ರಸಾಯನಶಾಸ್ತ್ರ ವಿಭಾಗ